ಆಫ್ರಿಕಾದ ಪೊದೆಮಿಡತೆಯನ್ನು ಗುರುತಿಸುವುದು ಮತ್ತು ವರ್ಣಿಸುವುದು ಹೇಗೆ?

ಪೂರ್ವ ಆಫ್ರಿಕಾದಲ್ಲಿ ಕೆಲಸಕ್ಕೆಂದು ನೆಲೆಸಿರುವ ಕನ್ನಡಿಗರಿಂದಲೂ, ಅಲ್ಲಿನ ಬೆಟ್ಟಕಾಡುಗಳನ್ನು ನೋಡಿಬಂದವರಿಂದಲೂ ನನಗೆ ಪದೇಪದೇ ಬರುವ ಪ್ರಶ್ನೆ ಒಂದೇ. ಒಂದು ಹಸಿರು ಕೀಟದ ಚಿತ್ರವನ್ನು ಕಳುಹಿಸಿ, ಇದರ ಹೆಸರೇನು, ಇದು ಹೊಸ ಪ್ರಭೇದವಾಗಿರಬಹುದೇ ಎಂದು ಕೇಳುತ್ತಾರೆ. ಕೀಟಶಾಸ್ತ್ರದ ವಿದ್ಯಾರ್ಥಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಸದಾಗಿದ್ದರೆ ಅದನ್ನು ವಿಧಿಬದ್ಧವಾಗಿ ವರ್ಣಿಸುವ ಕ್ರಮವೇನು ಎಂದು ವಿಚಾರಿಸುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ ತಾಂಜಾನಿಯಾ, ಕೀನ್ಯಾ ಮತ್ತು ಉಗಾಂಡಾಗಳಿಂದ ಆರಿಸಿಕೊಂಡಿದ್ದೇನೆ. ಅಲ್ಲಿನ ಕಿಲಿಮಂಜಾರೋ, ಉಸಂಬರಾ, ಉಲುಗುರು, ಪಾರೆ, ಟೈಟಾ ಮುಂತಾದ ಒಂಟಿ ಬೆಟ್ಟಗಳಲ್ಲಿ ಹಾರಲಾರದ ಪೊದೆಮಿಡತೆಗಳು ಒಂದೊಂದು ಬೆಟ್ಟದಲ್ಲಿ ಒಂದೊಂದಾಗಿ ಬೇರ್ಪಟ್ಟು ವಿಕಾಸಗೊಂಡಿರುವುದರಿಂದ, ಗುರುತಿಸುವ ಕೆಲಸ ಎಷ್ಟು ಸೊಗಸೋ ಅಷ್ಟೇ ಕಠಿಣವೂ ಆಗಿದೆ.

ಮೊದಲಿಗೆ ಹೆಸರಿನ ವಿಚಾರ. ಇಂಗ್ಲಿಷಿನಲ್ಲಿ ಬುಷ್-ಕ್ರಿಕೆಟ್ ಅಥವಾ ಕೇಟಿಡಿಡ್ ಎಂದು ಕರೆಯುವ ಈ ಕೀಟಗಳಿಗೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದೇ ಹೆಸರಿಲ್ಲ. ಆಡುಮಾತಿನಲ್ಲಿ ಮಿಡತೆಗಳ ಜೊತೆಗೇ ಇವೂ ಸೇರಿಹೋಗುತ್ತವೆ. ಈ ಲೇಖನದಲ್ಲಿ ಪೊದೆಮಿಡತೆ ಎಂಬ ಪದವನ್ನು ಬಳಸಿದ್ದೇನೆ. ಶಾಸ್ತ್ರದ ಪ್ರಕಾರ ಇದು ಟೆಟ್ಟಿಗೋನಿಡೇ ಎಂಬ ಕುಟುಂಬ. ಕುಟುಂಬದೊಳಗೆ ಉಪಕುಟುಂಬಗಳು, ಅವುಗಳೊಳಗೆ ಕುಲಗಳು, ಕುಲದೊಳಗೆ ಪ್ರಭೇದಗಳು ಎಂಬ ಕ್ರಮವನ್ನು ನೆನಪಿಟ್ಟುಕೊಂಡರೆ ಮುಂದಿನದನ್ನು ಓದುವುದು ಸುಲಭ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಹೊಸ ಪ್ರಭೇದ ಎಂಬ ಮಾತು ಈ ಕೆಲಸದ ಕೊನೆಯಲ್ಲಿ ಬರತಕ್ಕದ್ದು. ಈಗಾಗಲೇ ಹೆಸರು ಪಡೆದಿರುವ ಹತ್ತಿರದ ಪ್ರಭೇದಗಳೊಂದಿಗೆಲ್ಲ ಹೋಲಿಸಿ ನೋಡಿದ ಮೇಲೂ ನಿಮ್ಮ ಕೈಯಲ್ಲಿರುವ ಕೀಟ ಯಾವುದಕ್ಕೂ ಹೊಂದದೆ ಉಳಿದರೆ ಮಾತ್ರ ಅದನ್ನು ಹೊಸದೆನ್ನಬಹುದು. ಆದ್ದರಿಂದ ಮುಂದಿನ ಹಂತಗಳಲ್ಲಿ ಹೆಚ್ಚಿನವು ಹೋಲಿಕೆಗೆ ಸಂಬಂಧಿಸಿದವು.

ಬೇಕಾದ ಸಲಕರಣೆಗಳು ಇವು: ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ, ನಲವತ್ತು ಪಟ್ಟಿನವರೆಗಾದರೂ ಹಿಗ್ಗಿಸುವ ಸ್ಟೀರಿಯೋ ಸೂಕ್ಷ್ಮದರ್ಶಕ, 0.1 ಮಿಲಿಮೀಟರಿನವರೆಗೆ ಅಳೆಯಬಲ್ಲ ಕ್ಯಾಲಿಪರ್, ತಲೆಗೆ ಕಟ್ಟುವ ದೀಪ, ಜಿಪಿಎಸ್, ಥರ್ಮಾಮೀಟರ್, ಶ್ರವಣಾತೀತ ಧ್ವನಿಯನ್ನೂ ಮುದ್ರಿಸುವ ಉಪಕರಣ, ಕೀಟಸೂಜಿಗಳು, ಸಣ್ಣ ಚಿಮಟ, ಶುದ್ಧ ಎಥನಾಲ್ ತುಂಬಿದ ಸೀಸೆಗಳು, ಪೆನ್ಸಿಲ್ ಮತ್ತು ಗಟ್ಟಿ ಕಾಗದ. ಇವುಗಳಲ್ಲಿ ಅತ್ಯಂತ ಅಗ್ಗವಾದ ಪೆನ್ಸಿಲ್ ಮತ್ತು ಕಾಗದಗಳನ್ನೇ ಜನರು ಹೆಚ್ಚಾಗಿ ಮರೆಯುತ್ತಾರೆ.

ಹಂತ 1: ಅದು ಪೊದೆಮಿಡತೆ ಹೌದೇ, ಪ್ರೌಢ ಕೀಟವೇ ಎಂದು ಖಚಿತಪಡಿಸಿಕೊಳ್ಳಿ

ಪೊದೆಮಿಡತೆಯ ಕುಡಿಮೀಸೆಗಳು ದಾರದಂತೆ ತೆಳ್ಳಗಿದ್ದು, ಹೆಚ್ಚಿನವುಗಳಲ್ಲಿ ದೇಹಕ್ಕಿಂತ ಉದ್ದವಾಗಿರುತ್ತವೆ. ಸಾಮಾನ್ಯ ಮಿಡತೆಯ ಮೀಸೆ ಗಿಡ್ಡ ಮತ್ತು ದಪ್ಪ. ಪೊದೆಮಿಡತೆಯ ಕಿವಿ ಮುಂಗಾಲಿನಲ್ಲಿ, ಮಂಡಿಯ ಸ್ವಲ್ಪ ಕೆಳಗೆ ಇರುತ್ತದೆ. ಸಾಮಾನ್ಯ ಮಿಡತೆಗಳಲ್ಲಿ ಅದು ಹೊಟ್ಟೆಯ ಮೊದಲ ಖಂಡದ ಪಕ್ಕದಲ್ಲಿದೆ. ರಾತ್ರಿ ಮನೆಯ ಮೂಲೆಯಲ್ಲಿ ಚಿರ್ರೆನ್ನುವ ಕ್ರಿಕೆಟ್ ಕೀಟಕ್ಕೂ ಉದ್ದ ಮೀಸೆ ಮತ್ತು ಮುಂಗಾಲಿನ ಕಿವಿ ಇರುವುದರಿಂದ ಅಲ್ಲಿ ಗೊಂದಲವಾಗುವುದು ಸಹಜ. ಆಗ ಪಾದದ ತುಣುಕುಗಳನ್ನು ಎಣಿಸಿ: ಪೊದೆಮಿಡತೆಗೆ ನಾಲ್ಕು, ಕ್ರಿಕೆಟ್‌ಗೆ ಮೂರು. ಹೆಣ್ಣಾಗಿದ್ದರೆ ಮೊಟ್ಟೆಯಿಡುವ ಅಂಗವನ್ನು ನೋಡಿ; ಪೊದೆಮಿಡತೆಯಲ್ಲಿ ಅದು ಪಕ್ಕದಿಂದ ಚಪ್ಪಟೆಯಾದ ಕತ್ತಿ ಅಥವಾ ಕುಡುಗೋಲಿನಂತಿದ್ದರೆ, ಕ್ರಿಕೆಟ್‌ನಲ್ಲಿ ಸೂಜಿಯಂತಿರುತ್ತದೆ. ಗಂಡಾಗಿದ್ದರೆ ರೆಕ್ಕೆ ಮಡಿಸಿ ಕುಳಿತಾಗ ಯಾವುದು ಮೇಲಿದೆ ಎಂದು ಗಮನಿಸಿ. ಪೊದೆಮಿಡತೆಯಲ್ಲಿ ಎಡರೆಕ್ಕೆ ಮೇಲೆ, ಕ್ರಿಕೆಟ್‌ನಲ್ಲಿ ಸಾಮಾನ್ಯವಾಗಿ ಬಲರೆಕ್ಕೆ ಮೇಲೆ.

ಎಚ್ಚರಿಕೆ: ನನಗೆ ಬರುವ ಚಿತ್ರಗಳಲ್ಲಿ ಬಹಳಷ್ಟು ಮರಿಗಳವು. ಮರಿಗಳಲ್ಲಿ ಪ್ರಭೇದವನ್ನು ಗುರುತಿಸುವ ಅಂಗಗಳು ಇನ್ನೂ ರೂಪುಗೊಂಡಿರುವುದಿಲ್ಲವಾದ್ದರಿಂದ ಅವುಗಳ ಹೆಸರನ್ನು ಖಚಿತವಾಗಿ ಹೇಳಲಾಗದು. ಬೆಟ್ಟಕಾಡಿನ ಅನೇಕ ಪ್ರಭೇದಗಳಿಗೆ ಪ್ರೌಢಾವಸ್ಥೆಯಲ್ಲೂ ಗಿಡ್ಡ ರೆಕ್ಕೆಗಳೇ ಇರುವುದರಿಂದ, ರೆಕ್ಕೆಯ ಉದ್ದವನ್ನು ನೋಡಿ ಮರಿ ಎಂದು ತೀರ್ಮಾನಿಸುವುದೂ ತಪ್ಪಾಗುತ್ತದೆ. ಇದಕ್ಕೊಂದು ನಂಬಬಹುದಾದ ಲಕ್ಷಣವಿದೆ. ದೊಡ್ಡ ಮರಿಗಳಲ್ಲಿ ಹಿಂದಿನ ರೆಕ್ಕೆಯ ಮೊಗ್ಗು ಮುಂದಿನ ರೆಕ್ಕೆಯ ಮೊಗ್ಗನ್ನು ಮುಚ್ಚಿಕೊಂಡಿರುತ್ತದೆ. ಪ್ರೌಢ ಕೀಟದಲ್ಲಿ ಮುಂದಿನ ರೆಕ್ಕೆಯೇ ಮೇಲೆ ಬರುತ್ತದೆ. ಮರಿಯನ್ನು ಪ್ರೌಢವೆಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದಲ್ಲೇ ಪ್ರಸಿದ್ಧ ಉದಾಹರಣೆಯಿದೆ. 1883ರಲ್ಲಿ ಬ್ರುನ್ನರ್ ಫಾನ್ ವಾಟೆನ್‌ವಿಲ್ ಅವರು ಇರುವೆಯನ್ನೇ ಹೋಲುವ ಒಂದು ಪುಟ್ಟ ಕೀಟಕ್ಕೆ ಮಿರ್ಮೆಕೋಫಾನಾ ಫಾಲಾಕ್ಸ್ ಎಂಬ ಹೆಸರನ್ನು ಕೊಟ್ಟು, ಅದಕ್ಕಾಗಿ ಹೊಸ ಕುಲವನ್ನೇ ಸ್ಥಾಪಿಸಿದರು. ಮುಂದೆ ಉಸಂಬರಾ ಬೆಟ್ಟದ ಅಮಾನಿಯಲ್ಲಿ ಕೆಲಸ ಮಾಡುತ್ತಿದ್ದ ಫೋಸ್ಸೆಲರ್ ಅವರು ಅಂತಹ ಕೀಟಗಳನ್ನು ಸಾಕಿ ನೋಡಿದಾಗ, ಅವು ಬೆಳೆದು ಎಲೆಹಸಿರಿನ ಯೂರಿಕೋರಿಫಾ ಪೊದೆಮಿಡತೆಗಳಾದವು. ಇರುವೆಯ ವೇಷ ಮರಿಯ ಮೊದಲ ಹಂತಗಳಿಗೆ ಮಾತ್ರ ಸೀಮಿತವಾಗಿತ್ತು. ಆದ್ದರಿಂದ ಮರಿ ಸಿಕ್ಕಿದಾಗ ಅದು ತಿನ್ನುತ್ತಿದ್ದ ಗಿಡದ ಎಲೆಯನ್ನೇ ಕೊಟ್ಟು ಪ್ರೌಢವಾಗುವವರೆಗೆ ಸಾಕುವುದು ಒಳ್ಳೆಯದು.

ಹಂತ 2: ಹಿಡಿಯುವ ಮೊದಲು ಅನುಮತಿ ಪಡೆಯಿರಿ

ಚಿತ್ರ ತೆಗೆಯುವುದು ಬೇರೆ, ಮಾದರಿಯನ್ನು ಸಂಗ್ರಹಿಸುವುದು ಬೇರೆ. ಸಂಶೋಧನೆಗೆಂದು ಕೀಟವನ್ನು ಹಿಡಿದು ದೇಶದ ಹೊರಗೆ ಒಯ್ಯಲು ತಾಂಜಾನಿಯಾದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಆಯೋಗವಾದ ಕಾಸ್ಟೆಕ್‌ನ ಪರವಾನಗಿ ಬೇಕು. ಕೀನ್ಯಾದಲ್ಲಿ ಅಂತಹದೇ ರಾಷ್ಟ್ರೀಯ ಆಯೋಗವಾದ ನಕೋಸ್ಟಿ, ಉಗಾಂಡಾದಲ್ಲಿ ರಾಷ್ಟ್ರೀಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಸಂಶೋಧನಾ ಪರವಾನಗಿ ನೀಡುತ್ತವೆ. ರಾಷ್ಟ್ರೀಯ ಉದ್ಯಾನ ಅಥವಾ ಮೀಸಲು ಅರಣ್ಯದ ಒಳಗೆ ಹೋಗುವುದಕ್ಕೆ ಅಲ್ಲಿನ ಆಡಳಿತದ ಒಪ್ಪಿಗೆ ಪ್ರತ್ಯೇಕವಾಗಿ ಬೇಕಾಗುತ್ತದೆ. 2014ರ ಅಕ್ಟೋಬರ್ 12ರಿಂದ ಜಾರಿಯಲ್ಲಿರುವ ನಗೋಯಾ ಒಪ್ಪಂದದ ಪ್ರಕಾರ, ಜೀವಸಂಪತ್ತು ಯಾವ ದೇಶದ್ದೋ ಆ ದೇಶದ ಸಮ್ಮತಿಯೂ ಅದರಿಂದ ಬರುವ ಲಾಭದಲ್ಲಿ ಆ ದೇಶಕ್ಕೆ ಪಾಲೂ ಇರಬೇಕು. ಅನುಮತಿ ಇಲ್ಲದೆ ಸೂಟ್‌ಕೇಸಿನಲ್ಲಿ ತಂದ ಮಾದರಿಯನ್ನು ಆಧರಿಸಿದ ಲೇಖನವನ್ನು ಒಳ್ಳೆಯ ಪತ್ರಿಕೆಗಳು ಸ್ವೀಕರಿಸುವುದಿಲ್ಲ. ಸ್ವೀಕರಿಸಿದರೂ ಅದು ಆತಿಥ್ಯ ನೀಡಿದ ನಾಡಿಗೆ ಎಸಗುವ ಅನ್ಯಾಯ.

ಹಂತ 3: ಮೊದಲು ಹಾಡನ್ನು ಮುದ್ರಿಸಿ, ಆಮೇಲೆ ಹಾಡಿದ ಕೀಟವನ್ನೇ ಹಿಡಿಯಿರಿ

ಗಂಡು ಪೊದೆಮಿಡತೆ ಎಡರೆಕ್ಕೆಯ ಅಡಿಭಾಗದಲ್ಲಿರುವ ಹಲ್ಲಿನ ಸಾಲನ್ನು ಬಲರೆಕ್ಕೆಯ ಅಂಚಿಗೆ ಉಜ್ಜಿ ಹಾಡುತ್ತದೆ. ಕಮ್ಮಾರನ ಅರವನ್ನು ನೆನಪಿಸುವ ಈ ಸಾಲನ್ನು ಶಾಸ್ತ್ರದಲ್ಲಿ ಸ್ಟ್ರಿಡ್ಯುಲೇಟರಿ ಫೈಲ್ ಎನ್ನುತ್ತಾರೆ. ಇಲ್ಲಿ ಅರ ಎಂದೇ ಕರೆಯುತ್ತೇನೆ. ಬಲರೆಕ್ಕೆಯಲ್ಲಿ ಕನ್ನಡಿ ಎಂದು ಕರೆಯುವ ತೆಳುಪೊರೆಯ ಒಂದು ಭಾಗವಿದ್ದು, ಅದು ಕಂಪಿಸಿ ಧ್ವನಿಯನ್ನು ಹರಡುತ್ತದೆ. ಹೆಣ್ಣು ತನ್ನ ಪ್ರಭೇದದ ಗಂಡನ್ನು ಕತ್ತಲಲ್ಲಿ ಗುರುತಿಸುವುದು ಈ ಹಾಡಿನಿಂದಲೇ. ಹಾಗಾಗಿ ರೂಪದಲ್ಲಿ ಕಾಣದ ಭೇದ ಹಾಡಿನಲ್ಲಿ ಕೇಳಿಸುವುದುಂಟು. ದಕ್ಷಿಣ ಭಾರತದ ಮೆಕೋಪೋಡಾ ಕುಲದ ಪೊದೆಮಿಡತೆಗಳಲ್ಲಿ ಹೊರನೋಟಕ್ಕೆ ಬೇರ್ಪಡಿಸಲಾಗದ ಐದು ಬಗೆಯ ಹಾಡುಗಳಿವೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿವೇಕ್ ನಿತ್ಯಾನಂದ ಮತ್ತು ರೋಹಿಣಿ ಬಾಲಕೃಷ್ಣನ್ ಅವರು 2006ರಲ್ಲಿ ತೋರಿಸಿಕೊಟ್ಟರು. ಆಫ್ರಿಕಾದ ಕೆಲಸಕ್ಕೆ ಇಳಿಯುವವರಿಗೂ ಆ ಪಾಠ ಅನ್ವಯಿಸುತ್ತದೆ.

ಮುದ್ರಿಸುವಾಗ ಮೂರು ತಪ್ಪುಗಳಾಗುತ್ತವೆ. ಮೊದಲನೆಯದು, ಫೋನಿನಲ್ಲಿ ಮುದ್ರಿಸಿ ಅದನ್ನೇ ಪೂರ್ಣವೆಂದು ನಂಬುವುದು. ಸೆಕೆಂಡಿಗೆ 48,000 ಸಲ ಧ್ವನಿಯನ್ನು ಅಳೆಯುವ ಉಪಕರಣ 24 ಕಿಲೋಹರ್ಟ್ಜ್‌ಗಿಂತ ಮೇಲಿನ ಕಂಪನಗಳನ್ನು ಹಿಡಿಯಲಾರದು, ಆದರೆ ಅನೇಕ ಪೊದೆಮಿಡತೆಗಳ ಹಾಡಿನ ಮುಖ್ಯ ಭಾಗವೇ ಅದಕ್ಕಿಂತ ಮೇಲಿದೆ. ಸೆಕೆಂಡಿಗೆ ಎರಡು ಲಕ್ಷಕ್ಕೂ ಹೆಚ್ಚು ಸಲ ಅಳೆಯುವ ಉಪಕರಣವಿದ್ದರೆ 100 ಕಿಲೋಹರ್ಟ್ಜ್‌ವರೆಗಿನ ಧ್ವನಿ ದಕ್ಕುತ್ತದೆ. ಬಾವಲಿಗಳ ಅಧ್ಯಯನಕ್ಕೆ ಬಳಸುವ ಉಪಕರಣಗಳು ಇದಕ್ಕೆ ಸಾಕು. ಎರಡನೆಯದು, ತಾಪಮಾನವನ್ನು ಬರೆದಿಡದಿರುವುದು. ಚಳಿಯಲ್ಲಿ ಕೀಟದ ರೆಕ್ಕೆ ನಿಧಾನವಾಗಿ ಚಲಿಸುವುದರಿಂದ, ಬೆಟ್ಟದ ಮೇಲೆ 12 ಡಿಗ್ರಿಯಲ್ಲಿ ಹಾಡುವ ಕೀಟಕ್ಕೂ ತಪ್ಪಲಿನಲ್ಲಿ 25 ಡಿಗ್ರಿಯಲ್ಲಿ ಹಾಡುವ ಅದೇ ಪ್ರಭೇದದ ಕೀಟಕ್ಕೂ ಹಾಡಿನ ವೇಗ ಬೇರೆಯಾಗುತ್ತದೆ. ತಾಪಮಾನ ಗೊತ್ತಿಲ್ಲದಿದ್ದರೆ ಆ ವ್ಯತ್ಯಾಸವನ್ನು ಪ್ರಭೇದಗಳ ವ್ಯತ್ಯಾಸವೆಂದು ತಪ್ಪಾಗಿ ಓದುತ್ತೇವೆ. ಮೂರನೆಯದು, ಒಂದು ಕೀಟದ ಹಾಡನ್ನು ಮುದ್ರಿಸಿ ಪಕ್ಕದ ಕೊಂಬೆಯ ಇನ್ನೊಂದು ಕೀಟವನ್ನು ಹಿಡಿಯುವುದು. ನಾನೂ ಒಮ್ಮೆ ಹೀಗೆ ಮಾಡಿ ಒಂದು ಋತುವಿನ ಕೆಲಸವನ್ನು ಕಳೆದುಕೊಂಡಿದ್ದೇನೆ. ರೆಕ್ಕೆ ಅಲುಗುವುದನ್ನು ದೀಪದ ಬೆಳಕಿನಲ್ಲಿ ಕಣ್ಣಾರೆ ಕಂಡ ಮೇಲೆಯೇ ಹಿಡಿಯಿರಿ. ಸಾಧ್ಯವಾದರೆ ಬಲೆಯ ಪಂಜರದಲ್ಲಿಟ್ಟು ಮತ್ತೊಮ್ಮೆ ಮುದ್ರಿಸಿ, ಧ್ವನಿಯ ಕಡತಕ್ಕೂ ಕೀಟಕ್ಕೂ ಒಂದೇ ಸಂಖ್ಯೆ ಕೊಡಿ. ಫನೆರಾಪ್ಟೆರಿನೇ ಉಪಕುಟುಂಬದ ಅನೇಕ ಪ್ರಭೇದಗಳಲ್ಲಿ ಗಂಡಿನ ಹಾಡಿಗೆ ಹೆಣ್ಣೂ ಟಿಕ್ ಎಂಬ ಸಣ್ಣ ಸದ್ದಿನಿಂದ ಉತ್ತರ ಕೊಡುತ್ತದೆ ಎಂಬುದನ್ನೂ ನೆನಪಿಡಿ. ಆ ಟಿಕ್ ಗಂಡಿನ ಹಾಡಿನ ಭಾಗವೆಂದು ಎಣಿಕೆಗೆ ಸೇರಿಬಿಡಬಾರದು.

ಹಂತ 4: ಮಾದರಿಯನ್ನು ಕೆಡದಂತೆ ಕಾಪಿಡಿ

ಹಿಡಿದ ಕೀಟಗಳನ್ನು ಒಂದೇ ಡಬ್ಬಿಯಲ್ಲಿ ತುಂಬಬೇಡಿ. ದಕ್ಷಿಣ ಆಫ್ರಿಕಾದ ಕ್ಲೋನಿಯಾದಂತಹ ಬೇಟೆಗಾರ ಪೊದೆಮಿಡತೆಗಳು ಜೊತೆಯಲ್ಲಿರುವುದನ್ನು ತಿಂದುಬಿಡುತ್ತವೆ. ನಮೀಬಿಯಾ ಮತ್ತು ಬೋಟ್ಸ್ವಾನಾಗಳ ಮುಳ್ಳುಕವಚದ ಅಕಾಂತೋಪ್ಲಸ್‌ ಕೂಡ ಇದಕ್ಕೆ ಹೊರತಲ್ಲ. ಅದನ್ನು ಕೈಯಲ್ಲಿ ಹಿಡಿದರೆ ಕವಚದ ಸಂದುಗಳಿಂದ ರಕ್ತದ್ರವವನ್ನೂ ಚಿಮ್ಮಿಸುತ್ತದೆ.

ಕೊಲ್ಲುವ ಮೊದಲು ಎಲ್ಲ ಕೋನಗಳಿಂದ ಚಿತ್ರ ತೆಗೆಯಿರಿ, ಏಕೆಂದರೆ ಒಣಗಿದ ಮೇಲೆ ಹಸಿರು ಬಣ್ಣ ಹಳದಿಗೋ ಕಂದುಬಣ್ಣಕ್ಕೋ ತಿರುಗುತ್ತದೆ. ಒಂದು ಹಿಂಗಾಲಿನ ಸ್ನಾಯುವನ್ನು ಡಿಎನ್ಎ ಪರೀಕ್ಷೆಗೆಂದು ಶುದ್ಧ ಎಥನಾಲಿನಲ್ಲಿಟ್ಟು, ಉಳಿದ ದೇಹವನ್ನು ಎದೆಕವಚದ ಹಿಂಭಾಗದಲ್ಲಿ, ನಡುಗೆರೆಯಿಂದ ಸ್ವಲ್ಪ ಬಲಕ್ಕೆ ಸೂಜಿ ಚುಚ್ಚಿ ಒಣಗಿಸಿ. ದಪ್ಪ ಹೊಟ್ಟೆಯ ಕೀಟಗಳಿಗೆ ಅಡಿಭಾಗದಲ್ಲಿ ಸೀಳಿ ಕರುಳನ್ನು ತೆಗೆದು ಹತ್ತಿ ತುಂಬದಿದ್ದರೆ, ತೇವದ ಹವೆಯಲ್ಲಿ ಎರಡೇ ದಿನಕ್ಕೆ ಕೊಳೆತು ಕಪ್ಪಾಗುತ್ತವೆ. ಸೀಳುವಾಗ ಹೊಟ್ಟೆಯ ತುದಿಯನ್ನು ಮುಟ್ಟಬೇಡಿ. ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅಲ್ಲಿಯೇ ಇದೆ. ಹಿಂಗಾಲು ಸುಲಭವಾಗಿ ಕಳಚಿಕೊಳ್ಳುತ್ತದೆ. ಕಳಚಿದರೆ ಅದೇ ಸಂಖ್ಯೆ ಬರೆದ ಪುಟ್ಟ ಲಕೋಟೆಯಲ್ಲಿ ಜೊತೆಗಿಡಿ.

ಚೀಟಿಯಲ್ಲಿ ದೇಶ, ಜಿಲ್ಲೆ, ಬೆಟ್ಟ ಅಥವಾ ಕಾಡಿನ ಹೆಸರು, ಅಕ್ಷಾಂಶ-ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಸಂಗ್ರಹಿಸಿದವರ ಹೆಸರು ಮತ್ತು ಕೀಟ ಕುಳಿತಿದ್ದ ಗಿಡ ಇರಬೇಕು. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವ ಹಳೆಯ ಪದ್ಧತಿಯನ್ನು ಬಿಡಬೇಡಿ, ಏಕೆಂದರೆ 5/6 ಎಂಬುದನ್ನು ಒಬ್ಬರು ಜೂನ್ ಎಂದೂ ಇನ್ನೊಬ್ಬರು ಮೇ ಎಂದೂ ಓದುತ್ತಾರೆ. ಎತ್ತರ ಬರೆಯದ ಚೀಟಿ ಈ ಬೆಟ್ಟಗಳಲ್ಲಿ ಅರ್ಧ ಚೀಟಿಯಷ್ಟೇ. 5,895 ಮೀಟರ್ ಎತ್ತರದ ಕಿಲಿಮಂಜಾರೋದಲ್ಲಿ ತಪ್ಪಲಿನ ಹುಲ್ಲುಗಾವಲಿನ ಕೀಟಗಳೇ ಬೇರೆ, ನಡುವಿನ ಮಳೆಕಾಡಿನ ಕೀಟಗಳೇ ಬೇರೆ.

ಹಂತ 5: ಉಪಕುಟುಂಬ ಮತ್ತು ಕುಲದವರೆಗೆ ತಲುಪಿರಿ

ಇದು ಅಭ್ಯಾಸದಿಂದ ಬೇಗ ಕೈಹಿಡಿಯುವ ಹಂತ. ಎದೆಕವಚದ ಮೇಲೆಲ್ಲ ಮುಳ್ಳುಗಳಿದ್ದು ರೆಕ್ಕೆ ಅದರಡಿಯಲ್ಲಿ ಅಡಗಿದ್ದರೆ ಹೆಟ್ರೋಡಿನೇ. ಕಡ್ಡಿಯಂತೆ ನೀಳವಾದ ದೇಹ ಮತ್ತು ಬೇಟೆಗೆ ಒಗ್ಗಿದ ಮುಳ್ಳಿನ ಮುಂಗಾಲುಗಳಿದ್ದರೆ ಸಾಗಿನೇ. ತಲೆಯ ತುದಿ ಕೋನಾಕಾರವಾಗಿ ಮುಂದೆ ಚಾಚಿದ್ದು, ಹುಲ್ಲಿನ ನಡುವೆ ಸಿಕ್ಕಿದ್ದರೆ ಬಹುಶಃ ಕೊನೊಸೆಫಾಲಿನೇ. ಎಲೆಯಂತಿದ್ದು, ಪಾದದ ಮೊದಲ ಎರಡು ತುಣುಕುಗಳ ಪಕ್ಕದಲ್ಲಿ ಗೀರುಗಳಿಲ್ಲದೆ ನಯವಾಗಿದ್ದರೆ ಫನೆರಾಪ್ಟೆರಿನೇ. ಇದರ ಹೆಣ್ಣಿನ ಮೊಟ್ಟೆಯಿಡುವ ಅಂಗ ಸಾಮಾನ್ಯವಾಗಿ ಗಿಡ್ಡವಾಗಿ, ಮೇಲಕ್ಕೆ ಬಾಗಿ, ಅಂಚಿನಲ್ಲಿ ಗರಗಸದಂತಿರುತ್ತದೆ. ಮೀಸೆಯ ಬುಡದ ಗುಳಿಗೆ ಎತ್ತರದ ಅಂಚಿದ್ದರೆ ಸೂಡೋಫಿಲಿನೇಯನ್ನೂ, ಪುಟ್ಟ ಕೋಮಲ ಹಸಿರು ಕೀಟವಾಗಿದ್ದರೆ ಅಮಿಟ್ಟಾದಂತಹ ಕುಲಗಳಿರುವ ಮೆಕೊನೆಮಟಿನೇಯನ್ನೂ ನೋಡಿ.

ಕುಲಕ್ಕೆ ಇಳಿಯಲು ಆರ್ಥಾಪ್ಟೆರಾ ಸ್ಪೀಷೀಸ್ ಫೈಲ್ ಎಂಬ ಜಾಲತಾಣದ ಪಟ್ಟಿಯನ್ನು ಉಚಿತವಾಗಿ ಬಳಸಬಹುದು. ಮಿಡತೆ ಬಳಗದ ಎಲ್ಲ ಮಾನ್ಯ ಹೆಸರುಗಳೂ, ಅವುಗಳ ಹಳೆಯ ಪರ್ಯಾಯ ಹೆಸರುಗಳೂ, ಅನೇಕ ಮೂಲ ಮಾದರಿಗಳ ಚಿತ್ರಗಳೂ ಅಲ್ಲಿವೆ. ಒಂದು ಎಚ್ಚರಿಕೆ: ಉಪಕುಟುಂಬಗಳ ಗಡಿಗಳು ಬದಲಾಗುತ್ತಿರುತ್ತವೆ. ಕ್ಲೌಡಿಯಾ ಹೆಂಪ್ ಅವರು 2001ರಲ್ಲಿ ಏರೋಟೆಗ್ಮಿನಾ ಎಂಬ ಕುಲವನ್ನು ಹೆಸರಿಸಿದಾಗ, ಬಲೂನಿನಂತೆ ಉಬ್ಬಿದ ರೆಕ್ಕೆಗಳ ಆ ವಿಚಿತ್ರ ಕೀಟಗಳನ್ನು ಲಿಸ್ಟ್ರೋಸೆಲಿಡಿನೇಗೆ ಸೇರಿಸಲಾಗಿತ್ತು. ಇಂದು ಅವು ಹೆಕ್ಸಾಸೆಂಟ್ರಿನೇಯಲ್ಲಿವೆ. ಹಳೆಯ ಗುರುತಿಸುವ ಕೋಷ್ಟಕವನ್ನು ಬಳಸುವವರು ಇದನ್ನು ಗಮನದಲ್ಲಿಡಬೇಕು.

ಹಂತ 6: ಹೊಟ್ಟೆಯ ತುದಿ ಮತ್ತು ಅರವನ್ನು ಪರಿಶೀಲಿಸಿ

ಪ್ರಭೇದದ ನಿರ್ಣಯ ಆಗುವುದು ಇಲ್ಲಿ. ಗಂಡಿನ ಹೊಟ್ಟೆಯ ತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಕೊಂಬಿನಂತಹ ಅಂಗಗಳಿದ್ದು, ಕೂಡುವಾಗ ಗಂಡು ಇವುಗಳಿಂದ ಹೆಣ್ಣನ್ನು ಚಿಮಟದಂತೆ ಹಿಡಿದುಕೊಳ್ಳುತ್ತದೆ. ಇವನ್ನು ಸೆರ್ಸೈ ಎನ್ನುತ್ತಾರೆ. ಅವುಗಳ ಬಾಗು, ತುದಿಯ ಮುಳ್ಳು, ಒಳಬದಿಯ ಹಲ್ಲು, ನಡುವೆ ಕವಲಿದೆಯೋ ಇಲ್ಲವೋ ಎಂಬುದೆಲ್ಲ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತದೆ. ಮೇಲಿನಿಂದ, ಪಕ್ಕದಿಂದ ಮತ್ತು ಹಿಂದಿನಿಂದ, ಹೀಗೆ ಮೂರು ಕೋನಗಳಲ್ಲಿ ಅವನ್ನು ಬಿಡಿಸಿಕೊಳ್ಳಿ. ಒಂದೇ ಕೋನದ ಚಿತ್ರ ಮೋಸಮಾಡುತ್ತದೆ. ಸ್ವಲ್ಪ ಓರೆಯಾಗಿ ನೋಡಿದ ಬಾಗಿದ ಸೆರ್ಸೈ ನೇರವಾಗಿ ಕಾಣುತ್ತದೆ. ಅದರ ಕೆಳಗೆ ಹೊಟ್ಟೆಯ ಕೊನೆಯ ತಗಡಿನಂತಹ ಭಾಗವಿದೆ. ಅದರ ಹೆಸರು ಸಬ್‌ಜೆನೈಟಲ್ ಪ್ಲೇಟ್. ಅದರ ಹಿಂಬದಿಯ ಅಂಚು ಎಷ್ಟು ಆಳಕ್ಕೆ ಸೀಳಿದೆ ಎಂಬುದನ್ನೂ ದಾಖಲಿಸಿ. ಹೆಣ್ಣಿನಲ್ಲೂ ಇದೇ ತಗಡು ಮತ್ತು ಮೊಟ್ಟೆಯಿಡುವ ಅಂಗ ಉಪಯುಕ್ತವಾದರೂ, ಹತ್ತಿರದ ಪ್ರಭೇದಗಳ ಹೆಣ್ಣುಗಳು ಪರಸ್ಪರ ಬಹಳ ಹೋಲುವುದರಿಂದ ಹೆಣ್ಣೊಂದನ್ನೇ ಆಧರಿಸಿ ಹೊಸ ಪ್ರಭೇದವನ್ನು ವರ್ಣಿಸುವುದನ್ನು ನಾನು ಒಪ್ಪುವುದಿಲ್ಲ.

ಅರವನ್ನು ನೋಡಲು ಎಡರೆಕ್ಕೆಯನ್ನು ಮೆದುಗೊಳಿಸಿ ಎತ್ತಿ, ಅಡಿಭಾಗವನ್ನು ಸೂಕ್ಷ್ಮದರ್ಶಕದ ಕೆಳಗೆ ತನ್ನಿ. ಅರದ ಉದ್ದ, ಹಲ್ಲುಗಳ ಒಟ್ಟು ಸಂಖ್ಯೆ, ನಡುಭಾಗದಲ್ಲಿ ಹಲ್ಲುಗಳ ನಡುವಿನ ಅಂತರ, ತುದಿಗಳ ಕಡೆಗೆ ಹಲ್ಲುಗಳು ಒತ್ತಾಗುತ್ತವೆಯೇ ವಿರಳವಾಗುತ್ತವೆಯೇ ಎಂಬುದನ್ನು ಬರೆದುಕೊಳ್ಳಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ಸಿಕ್ಕರೆ ಇನ್ನೂ ಒಳ್ಳೆಯದು. ತುದಿಯ ಅತಿ ಸಣ್ಣ ಹಲ್ಲುಗಳನ್ನು ಎಣಿಸಿದ್ದೀರೋ ಬಿಟ್ಟಿದ್ದೀರೋ ಎಂಬುದನ್ನು ಸ್ಪಷ್ಟವಾಗಿ ತಿಳಿಸದಿದ್ದರೆ ನಿಮ್ಮ ಸಂಖ್ಯೆಯನ್ನು ಇನ್ನೊಬ್ಬರ ಸಂಖ್ಯೆಯೊಂದಿಗೆ ಹೋಲಿಸಲಾಗದು.

ಬಣ್ಣವನ್ನು ಎಂದಿಗೂ ಮೊದಲ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಉಗಾಂಡಾದಲ್ಲಿ ನ್ಸೆನೆನೆ ಎಂದೂ, ತಾಂಜಾನಿಯಾದ ಬುಕೋಬಾ ಸೀಮೆಯಲ್ಲಿ ಸೆನೆನೆ ಎಂದೂ ಕರೆದು ಜನರು ಆಸೆಯಿಂದ ಹುರಿದು ತಿನ್ನುವ ರುಸ್ಪೋಲಿಯಾ ಡಿಫೆರೆನ್ಸ್ ಎಂಬ ಪೊದೆಮಿಡತೆ ಇದಕ್ಕೆ ಅತ್ಯುತ್ತಮ ಪಾಠ. ಮಳೆಗಾಲದ ರಾತ್ರಿಗಳಲ್ಲಿ ಹಿಂಡುಹಿಂಡಾಗಿ ದೀಪಕ್ಕೆ ಬರುವ ಈ ಕೀಟಗಳಲ್ಲಿ ಹಸಿರು, ಕಂದು ಮತ್ತು ನೇರಳೆ ಛಾಯೆಯವು ಒಂದೇ ಬುಟ್ಟಿಯಲ್ಲಿ ಸಿಗುತ್ತವೆ, ಮತ್ತು ಅವೆಲ್ಲವೂ ಒಂದೇ ಪ್ರಭೇದ. ಅದೇ ಕುಲದಲ್ಲಿ ಇದಕ್ಕೆ ವಿರುದ್ಧವಾದ ತಪ್ಪೂ ನಡೆದಿದೆ. ನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ ಎಂಬ ಕಾರಣಕ್ಕೆ ಈ ಆಫ್ರಿಕಾದ ಕೀಟವನ್ನು ಯೂರೋಪಿನ ರುಸ್ಪೋಲಿಯಾ ನಿಟಿಡುಲಾದ ಹೆಸರಿನಲ್ಲಿಯೇ ಬಹುಕಾಲ ಕರೆಯಲಾಗುತ್ತಿತ್ತು, ಆ ಹೆಸರಿನಲ್ಲಿ ಬರೆದ ಲೇಖನಗಳು ಇಂದಿಗೂ ಓದುಗರನ್ನು ದಾರಿತಪ್ಪಿಸುತ್ತವೆ. 1975ರಲ್ಲಿ ಬೇಯ್ಲಿ ಅವರು ಆಫ್ರಿಕಾದ ರುಸ್ಪೋಲಿಯಾಗಳನ್ನೆಲ್ಲ ಒಟ್ಟಿಗೆ ಪರಿಷ್ಕರಿಸಿದ್ದು ಈ ಕುಲದ ಕೆಲಸಕ್ಕೆ ದೊಡ್ಡ ಆಧಾರವಾಯಿತು.

ಅಳತೆಗಳಲ್ಲಿ ಎದೆಕವಚದ ಉದ್ದ, ಮುಂದಿನ ರೆಕ್ಕೆಯ ಉದ್ದ, ಹಿಂಗಾಲಿನ ತೊಡೆಯ ಉದ್ದ ಮತ್ತು ಮೊಟ್ಟೆಯಿಡುವ ಅಂಗದ ಉದ್ದವನ್ನು ನಂಬಬಹುದು. ದೇಹದ ಒಟ್ಟು ಉದ್ದವನ್ನು ಕೊಡುವುದು ವಾಡಿಕೆಯಾದರೂ, ಒಣಗಿದಾಗ ಹೊಟ್ಟೆ ಕುಗ್ಗುವುದರಿಂದ ಅದರ ಮೇಲೆ ತೀರ್ಮಾನ ಕಟ್ಟಬಾರದು.

ಡಿಎನ್ಎಯ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ. ಬಾರ್‌ಕೋಡ್ ಎಂದು ಕರೆಯುವ, ಸುಮಾರು 658 ಅಕ್ಷರಗಳ ಸಿಒಐ ವಂಶವಾಹಿಯ ತುಣುಕು ನೆರವಿಗೆ ಬರುತ್ತದೆ. ಆದರೆ ಮಿಡತೆ ಬಳಗದಲ್ಲಿ ಆ ವಂಶವಾಹಿಯ ಕೆಲಸಕ್ಕೆ ಬಾರದ ನಕಲುಗಳು ಜೀವಕೋಶದ ಕೇಂದ್ರದೊಳಗೂ ಸೇರಿಕೊಂಡಿರುವುದುಂಟು. ಅವನ್ನೇ ಓದಿಬಿಟ್ಟರೆ ಇಲ್ಲದ ಪ್ರಭೇದಗಳು ಇದ್ದಂತೆ ತೋರುತ್ತವೆ. ರೂಪ ಮತ್ತು ಹಾಡುಗಳು ಹೇಳುವುದನ್ನು ಡಿಎನ್ಎ ಬೆಂಬಲಿಸುತ್ತದೆಯೇ ಎಂದು ನೋಡಿ; ಅದೊಂದನ್ನೇ ನೆಚ್ಚಬೇಡಿ.

ಹಂತ 7: ಹಳೆಯ ಹೆಸರುಗಳನ್ನೂ ಮೂಲ ಮಾದರಿಗಳನ್ನೂ ಹುಡುಕಿ

ಹೆಚ್ಚು ತಾಳ್ಮೆ ಬೇಡುವ, ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ಪ್ರತಿಯೊಂದು ಪ್ರಭೇದದ ಹೆಸರೂ ಒಂದು ನಿಜವಾದ ಕೀಟಕ್ಕೆ ಕಟ್ಟಿಹಾಕಲ್ಪಟ್ಟಿರುತ್ತದೆ. ಹೆಸರು ಕೊಟ್ಟವರು ಆರಿಸಿದ ಆ ಒಂದೇ ಮಾದರಿಯನ್ನು ಹೋಲೋಟೈಪ್ ಎನ್ನುತ್ತಾರೆ. ಹೆಸರಿನ ಅರ್ಥದ ಬಗ್ಗೆ ಸಂದೇಹ ಬಂದಾಗ ಪುಸ್ತಕಕ್ಕಿಂತ ಆ ಕೀಟವೇ ಕೊನೆಯ ಮಾತು. ಆಫ್ರಿಕಾದ ಪೊದೆಮಿಡತೆಗಳಲ್ಲಿ ಬಹಳಷ್ಟಕ್ಕೆ 19ನೇ ಶತಮಾನದಲ್ಲಿ ಯೂರೋಪಿನಲ್ಲಿ ಕುಳಿತು ಹೆಸರಿಟ್ಟರು. ಸ್ಟಾಕ್‌ಹೋಮಿನಲ್ಲಿ ಸ್ಟೋಲ್, ಬರ್ಲಿನ್ನಿನಲ್ಲಿ ಕಾರ್ಶ್, ವಿಯೆನ್ನಾದಲ್ಲಿ ಬ್ರುನ್ನರ್ ಅವರು ಬರೆದ ವರ್ಣನೆಗಳು ಎಷ್ಟೋ ಸಲ ಲ್ಯಾಟಿನ್ನಿನ ಕೆಲವೇ ಸಾಲುಗಳಷ್ಟಿದ್ದು, ಅವುಗಳಲ್ಲಿ ಹಾಡಿನ ಮಾತಂತೂ ಇಲ್ಲವೇ ಇಲ್ಲ. ಸ್ಥಳದ ಹೆಸರುಗಳೂ ಗೊಂದಲ ಹುಟ್ಟಿಸುತ್ತವೆ. ಚೀಟಿಯಲ್ಲಿ ಜರ್ಮನ್ ಪೂರ್ವ ಆಫ್ರಿಕಾ ಎಂದಷ್ಟೇ ಇದ್ದರೆ, ಆ ಕೀಟ ಇಂದಿನ ತಾಂಜಾನಿಯಾದ ಮುಖ್ಯಭೂಮಿಯದೂ ಆಗಿರಬಹುದು, ರುವಾಂಡಾ ಅಥವಾ ಬುರುಂಡಿಯದೂ ಆಗಿರಬಹುದು.

ಕಿಲಿಮಂಜಾರೋ ಮತ್ತು ಮೇರು ಬೆಟ್ಟಗಳ ಕೀಟವಾದರೆ 1905–06ರಲ್ಲಿ ಅಲ್ಲಿಗೆ ಹೋಗಿದ್ದ ಸ್ವೀಡನ್ನಿನ ಇಂಗ್ವೆ ಷೋಸ್ಟೆಟ್ ಅವರ ಸಂಗ್ರಹವನ್ನು ನೋಡಲೇಬೇಕು. ಅದು ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ. ಬರ್ಲಿನ್, ಲಂಡನ್, ಪ್ಯಾರಿಸ್, ಬೆಲ್ಜಿಯಂನ ಟೆರ್ವೂರೆನ್, ನೈರೋಬಿ ಮತ್ತು ಕೇಪ್‌ಟೌನ್‌ಗಳ ಸಂಗ್ರಹಾಲಯಗಳು ಮುಂದಿನ ಸಾಲಿನಲ್ಲಿ ಬರುತ್ತವೆ. ಪ್ರಯಾಣ ಮಾಡಲಾಗದಿದ್ದರೆ ಸಂಗ್ರಹಾಲಯದ ಮೇಲ್ವಿಚಾರಕರಿಗೆ ಪತ್ರ ಬರೆದು, ಯಾವ ಅಂಗದ ಚಿತ್ರ ಯಾವ ಕೋನದಿಂದ ಬೇಕು ಎಂಬುದನ್ನು ನಿಖರವಾಗಿ ತಿಳಿಸಿ ಕೇಳಿ. ಒಂದು ಕೀಟದ ಸೆರ್ಸೈಯನ್ನು ಹಿಂದಿನಿಂದ ತೆಗೆದ ಚಿತ್ರ ಬೇಕು ಎಂದು ಕೇಳಿದವರಿಗೆ ಉತ್ತರ ಬರುತ್ತದೆ, ನಿಮ್ಮಲ್ಲಿರುವ ಆಫ್ರಿಕಾದ ಕೀಟಗಳ ಚಿತ್ರಗಳನ್ನೆಲ್ಲ ಕಳುಹಿಸಿ ಎಂದವರಿಗೆ ಬರುವುದಿಲ್ಲ.

ಈ ಹುಡುಕಾಟದಲ್ಲಿ ನಿಮ್ಮ ಕೀಟಕ್ಕೆ ಹಳೆಯ ಹೆಸರೊಂದು ಸಿಕ್ಕಿಬಿಟ್ಟರೆ ನಿರಾಶರಾಗಬೇಡಿ. ನೂರು ವರ್ಷಗಳಿಂದ ಒಂದೇ ಮಾದರಿಯಿಂದ ಮಾತ್ರ ತಿಳಿದಿದ್ದ ಪ್ರಭೇದದ ಹಾಡನ್ನೂ ನೆಲೆಯನ್ನೂ ಮೊದಲ ಬಾರಿ ದಾಖಲಿಸುವುದು ಪ್ರಕಟಣೆಗೆ ಪೂರ್ಣ ಯೋಗ್ಯವಾದ ಕೆಲಸ. ಹೊಸ ಹೆಸರೊಂದನ್ನು ಅವಸರದಿಂದ ಸೇರಿಸುವುದಕ್ಕಿಂತ ಇದೇ ಹೆಚ್ಚು ಉಪಕಾರಿ ಎಂದು ನಾನು ನಂಬಿದ್ದೇನೆ.

ಹಂತ 8: ವರ್ಣನೆಯನ್ನು ಬರೆಯಿರಿ

ಎಲ್ಲ ಹೋಲಿಕೆಗಳ ನಂತರವೂ ಹೊಸದೆಂದು ಉಳಿದರೆ ಬರೆಯಲು ಆರಂಭಿಸಿ. ವರ್ಣನೆಯ ಹೃದಯವೆಂದರೆ ಡಯಾಗ್ನೋಸಿಸ್, ಅಂದರೆ ನಿಮ್ಮ ಪ್ರಭೇದವನ್ನು ಅದರ ಹತ್ತಿರದ ಸಂಬಂಧಿಗಳಿಂದ ಬೇರ್ಪಡಿಸುವ ಲಕ್ಷಣಗಳ ಚಿಕ್ಕ ಹೇಳಿಕೆ. ಇದರಲ್ಲಿ ಸಂಬಂಧಿಯ ಹೆಸರನ್ನು ಹೇಳಿ, ಒಂದೊಂದು ಲಕ್ಷಣವನ್ನೂ ಎದುರುಬದುರಾಗಿ ಇಡಬೇಕು. ಸೆರ್ಸೈ ಬಾಗಿದೆ ಎಂದಷ್ಟೇ ಬರೆದರೆ ಓದುಗರಿಗೆ ಏನೂ ಸಿಗದು. ಯಾವ ಪ್ರಭೇದದಲ್ಲಿ ಎಲ್ಲಿಂದ ಬಾಗುತ್ತದೆ, ಇದರಲ್ಲಿ ಎಲ್ಲಿಂದ ಬಾಗುತ್ತದೆ ಎಂದು ಬರೆಯಬೇಕು.

ಅನಂತರ ತಲೆಯಿಂದ ಹೊಟ್ಟೆಯ ತುದಿಯವರೆಗೆ ಕ್ರಮವಾಗಿ ಗಂಡಿನ ವರ್ಣನೆ, ಹೆಣ್ಣಿನಲ್ಲಿ ಕಾಣುವ ವ್ಯತ್ಯಾಸಗಳು, ಬಣ್ಣ, ಅಳತೆಗಳ ಕೋಷ್ಟಕ, ತಾಪಮಾನದ ಸಹಿತ ಹಾಡಿನ ವಿವರ ಮತ್ತು ಧ್ವನಿಯ ಏರಿಳಿತವನ್ನು ಕಾಲಕ್ರಮದಲ್ಲಿ ತೋರಿಸುವ ಆಂದೋಲನ ಚಿತ್ರ, ನೆಲೆ, ಎತ್ತರದ ವ್ಯಾಪ್ತಿ, ಜೊತೆಯಲ್ಲಿ ವಾಸಿಸುವ ಇತರ ಪ್ರಭೇದಗಳು, ಇಷ್ಟು ಬರಲಿ. ಎಷ್ಟು ಮಾದರಿಗಳನ್ನು ಅಳೆದಿರಿ ಎಂಬುದನ್ನು ಮುಚ್ಚಿಡಬೇಡಿ. ಒಂದೇ ಗಂಡು ಸಿಕ್ಕಿದ್ದರೆ ಹಾಗೆಂದೇ ಬರೆಯಿರಿ.

ಹಂತ 9: ಹೆಸರು, ನೋಂದಣಿ ಮತ್ತು ಠೇವಣಿ

ಹೆಸರಿಡುವುದಕ್ಕೆ ಅಂತಾರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯ ನಿಯಮಗಳಿವೆ. ಈಗ ಜಾರಿಯಲ್ಲಿರುವ ಅದರ ನಾಲ್ಕನೆಯ ಆವೃತ್ತಿ 2000ದ ಜನವರಿ 1ರಿಂದ ಅನ್ವಯಿಸುತ್ತದೆ. ಅದರಂತೆ ಇದು ಹೊಸ ಹೆಸರು ಎಂದು ಲೇಖನದಲ್ಲಿ ಸ್ಪಷ್ಟವಾಗಿ ಸೂಚಿಸಬೇಕು, ಬೇರ್ಪಡಿಸುವ ಲಕ್ಷಣಗಳನ್ನು ಕೊಡಬೇಕು, ಹೋಲೋಟೈಪ್ ಯಾವುದು ಎಂದು ಗೊತ್ತುಪಡಿಸಬೇಕು, ಮತ್ತು ಅದನ್ನು ಯಾವ ಸಂಗ್ರಹಾಲಯದಲ್ಲಿ ಇಡಲಾಗಿದೆ ಅಥವಾ ಇಡಲಾಗುವುದು ಎಂದು ಹೇಳಬೇಕು. ಲೇಖನವು ವಿದ್ಯುನ್ಮಾನ ರೂಪದಲ್ಲಿ ಮಾತ್ರ ಪ್ರಕಟವಾಗುವುದಾದರೆ ಅದನ್ನು ಜೂಬ್ಯಾಂಕ್ ಎಂಬ ಅಧಿಕೃತ ನೋಂದಣಿಯಲ್ಲಿ ಮೊದಲೇ ದಾಖಲಿಸಿ, ಆ ದಾಖಲೆಯ ಸುಳಿವನ್ನು ಲೇಖನದೊಳಗೇ ಮುದ್ರಿಸಬೇಕು. 2012ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಇದಿಲ್ಲದ ಹೆಸರಿಗೆ ಮಾನ್ಯತೆಯಿಲ್ಲ. ಫೇಸ್‌ಬುಕ್ಕಿನಲ್ಲೋ ವಾಟ್ಸಾಪ್ ಗುಂಪಿನಲ್ಲೋ ಘೋಷಿಸಿದ ಹೆಸರು ಹೆಸರೇ ಅಲ್ಲ.

ಹೆಸರು ಲ್ಯಾಟಿನ್ ಅಕ್ಷರಗಳಲ್ಲಿರಬೇಕು ಮತ್ತು ವಿಶೇಷಣವಾಗಿದ್ದರೆ ಕುಲದ ಹೆಸರಿನ ಲಿಂಗಕ್ಕೆ ಹೊಂದಬೇಕು. ಅದೇ ಕುಲದಲ್ಲಿ ಅದೇ ಹೆಸರು ಮೊದಲೇ ಬಳಕೆಯಾಗಿಲ್ಲ ಎಂಬುದನ್ನು ಪರಿಶೀಲಿಸಿ. ನಿಮ್ಮ ಹೆಸರನ್ನು ನೀವೇ ಇಡುವುದನ್ನು ನಿಯಮ ತಡೆಯುವುದಿಲ್ಲವಾದರೂ ಯಾರೂ ಮೆಚ್ಚುವುದಿಲ್ಲ. ಬೆಟ್ಟದ ಹೆಸರನ್ನೋ, ಅಲ್ಲಿನ ಜನರ ಭಾಷೆಯ ಪದವನ್ನೋ ಆಧರಿಸುವುದು ನನಗೆ ಹೆಚ್ಚು ಇಷ್ಟ. ಆದರೆ ಒಂದು ಬೆಟ್ಟದ ಹೆಸರಿಡುವ ಮೊದಲು, ಆ ಕೀಟ ನೆರೆಯ ಬೆಟ್ಟದಲ್ಲಿ ಇಲ್ಲವೇ ಎಂದು ಒಂದು ಋತುವಾದರೂ ಹುಡುಕಿ ನೋಡಿ.

ಉಳಿದದ್ದು ಕೊನೆಯ ಕೈಗೆಲಸ. ಹೋಲೋಟೈಪಿನ ಸೂಜಿಗೆ ವಾಡಿಕೆಯಂತೆ ಕೆಂಪು ಚೀಟಿಯನ್ನೂ, ಅದರೊಂದಿಗೆ ಅಧ್ಯಯನ ಮಾಡಿದ ಪ್ಯಾರಾಟೈಪ್ ಎಂಬ ಜೊತೆಮಾದರಿಗಳಿಗೆ ಬೇರೆ ಬಣ್ಣದ ಚೀಟಿಯನ್ನೂ ಸೇರಿಸಿ, ಮೂಲ ಚೀಟಿಯನ್ನು ಯಾವ ಕಾರಣಕ್ಕೂ ತೆಗೆಯದೆ ಹಾಗೆಯೇ ಉಳಿಸಿ. ಜೊತೆಮಾದರಿಗಳಲ್ಲಿ ಒಂದು ಗಂಡು-ಹೆಣ್ಣಿನ ಜೋಡಿಯಾದರೂ ಕೀಟ ಸಿಕ್ಕಿದ ದೇಶದ ಸಂಗ್ರಹಾಲಯದಲ್ಲಿ ಇರುವಂತೆ ನೋಡಿಕೊಳ್ಳಿ. ಪರವಾನಗಿಯಲ್ಲಿ ಹೋಲೋಟೈಪನ್ನೇ ಹಿಂದಿರುಗಿಸಬೇಕು ಎಂಬ ಷರತ್ತಿದ್ದರೆ ಅದರ ಗಡುವನ್ನು ದಿನಚರಿಯಲ್ಲಿ ಗುರುತುಹಾಕಿಕೊಳ್ಳಿ. ಧ್ವನಿಯ ಕಡತಗಳನ್ನು ಮಾದರಿಯ ಸಂಖ್ಯೆಯ ಸಹಿತ ಸಾರ್ವಜನಿಕ ಸಂಗ್ರಹಕ್ಕೆ ಸೇರಿಸಿ, ಪ್ರಕಟವಾದ ಲೇಖನದ ಒಂದು ಪ್ರತಿಯನ್ನು ಅನುಮತಿ ಕೊಟ್ಟ ಕಚೇರಿಗೂ, ಕಾಡಿನಲ್ಲಿ ರಾತ್ರಿಯೆಲ್ಲ ನಿಮ್ಮೊಂದಿಗೆ ದೀಪ ಹಿಡಿದು ನಡೆದ ಸ್ಥಳೀಯ ಸಹಾಯಕರಿಗೂ ತಲುಪಿಸಿ.